ಹಿಮಬಂಡಿಯ ಸಾರಥಿ ಎವುಜೇನಿಯೊ ಮೊಂಟಿ

ಕರ್ಣನ ರಥದ ಗಾಲಿಯು ನೆಲದಲ್ಲಿ ಹೂತ ಪ್ರಸಂಗವನ್ನು ತರಗತಿಯಲ್ಲಿ ಬೋಧಿಸುವಾಗಲೆಲ್ಲ ಯಾವನಾದರೊಬ್ಬ ವಿದ್ಯಾರ್ಥಿಯು ಎದ್ದು ನಿಂತು, ಅದನ್ನು ಎತ್ತಿಕೊಳ್ಳುವವರೆಗೆ ಅರ್ಜುನನು ಕಾಯಬಾರದಿತ್ತೆ ಎಂದು ಕೇಳುತ್ತಾನೆ. ರಣರಂಗದ ನೀತಿ ಬೇರೆ, ಆಟದ ಕಣದ ನೀತಿ ಬೇರೆ ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದುಂಟು. ಆದರೆ ಆಟದ ಕಣದಲ್ಲಿಯೂ ಗೆಲ್ಲಬೇಕೆಂಬ ಹಂಬಲವು ಸಾಮಾನ್ಯವಾದುದಲ್ಲ. ಅಂಥ ಕಣದಲ್ಲಿ ಎದುರಾಳಿಯ ಬಂಡಿಯು ಮುರಿದಾಗ, ಕಾದು ನಿಲ್ಲುವುದಷ್ಟೇ ಅಲ್ಲದೆ ತನ್ನ ಬಂಡಿಯ ಕೀಲನ್ನೇ ಕಳಚಿ ಕೊಟ್ಟ ಒಬ್ಬ ಸಾರಥಿಯ ವೃತ್ತಾಂತವನ್ನು ಇಲ್ಲಿ ಬರೆಯಲು ಉದ್ಯುಕ್ತನಾಗಿದ್ದೇನೆ.

ಬಾಬ್‌ಸ್ಲೆಡ್ ಎಂಬ ಈ ಆಟಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಹಿಮವೇ ಬೀಳದ ನಾಡಿನಲ್ಲಿ ಹೆಸರು ಹುಟ್ಟುವುದಾದರೂ ಹೇಗೆ? ಸೌಕರ್ಯಕ್ಕಾಗಿ ಹಿಮಬಂಡಿ ಎನ್ನೋಣ. ಬೆಟ್ಟದ ಇಳಿಜಾರಿನಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕ ಉದ್ದಕ್ಕೆ, ಅಂಕುಡೊಂಕಾದ ಕಾಲುವೆಯಂತೆ, ಮಂಜುಗಡ್ಡೆಯ ಪಥವೊಂದಿರುತ್ತದೆ. ಬಂಡಿಗೆ ಗಾಲಿಗಳಿಲ್ಲ, ಉಕ್ಕಿನ ಜಾರುಪಟ್ಟಿಗಳಿವೆ, ಎಂಜಿನ್ನೂ ಇಲ್ಲ. ಇಬ್ಬರು ಅಥವಾ ನಾಲ್ವರು ಅದನ್ನು ತಳ್ಳುತ್ತ ಓಡಿ, ವೇಗವೇರಿದೊಡನೆ ಒಬ್ಬರ ಹಿಂದೊಬ್ಬರು ಒಳಕ್ಕೆ ನೆಗೆದು ಕುಳಿತರೆ, ಮುಂದಿನದೆಲ್ಲ ಇಳಿಜಾರಿನ ಕೆಲಸ. ಎಲ್ಲರಿಗಿಂತ ಮುಂದೆ ಕುಳಿತವನು ಸಾರಥಿ. ಕಟ್ಟಕಡೆಯವನು ಗುರಿ ದಾಟಿದ ಮೇಲೆ ಬ್ರೇಕ್ ಹಾಕತಕ್ಕವನು. ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂಡಿಯು ತಿರುವುಗಳಲ್ಲಿ ಗೋಡೆಯನ್ನೇರಿ ಇಳಿಯುತ್ತದೆ. ಸಾರಥಿಯ ಕೈ ಕೊಂಚ ತಪ್ಪಿದರೂ ಪ್ರಾಣಕ್ಕೆ ಸಂಚಕಾರ. ಹಲವು ಓಟಗಳ ಕಾಲವನ್ನು ಕೂಡಿಸಿ, ಸೆಕೆಂಡಿನ ನೂರನೆಯ ಒಂದಂಶದ ಅಂತರದಿಂದಲೂ ಜಯಾಪಜಯಗಳನ್ನು ನಿರ್ಣಯಿಸುತ್ತಾರೆ.

ಎವುಜೇನಿಯೊ ಮೊಂಟಿಯವರು 1928ರ ಜನವರಿ 23ರಂದು ಉತ್ತರ ಇಟಲಿಯ ದೊಬ್ಬಿಯಾಕೊ ಎಂಬ ಗ್ರಾಮದಲ್ಲಿ ಜನಿಸಿದರು. ತಲೆಗೂದಲು ಕೆಂಪಾಗಿದ್ದುದರಿಂದ ಜನರು ಇವರನ್ನು 'ರೊಸ್ಸೊ ವೊಲಾಂಟೆ' ಎಂದು ಕರೆದರು. ನಮ್ಮ ಮಾತಿನಲ್ಲಿ ಹಾರಾಡುವ ಕೆಂಚನೆನ್ನಬಹುದು. ಮೊದಲು ಇವರು ಹಿಮದ ಮೇಲೆ ಸ್ಕೀ ಜಾರುವುದರಲ್ಲಿ ನಿಷ್ಣಾತರಾಗಿದ್ದರು. 1951ರಲ್ಲಿ ಮೊಣಕಾಲುಗಳ ಸ್ನಾಯುಬಂಧಗಳು ಹರಿದು ಆ ದಾರಿ ಮುಚ್ಚಿತು. ಆಮೇಲೆ ಹಿಡಿದದ್ದೇ ಹಿಮಬಂಡಿ. 1956ರಲ್ಲಿ ಕೊರ್ಟಿನಾದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳು ಬಂದವು. 1957ರಿಂದ 1961ರವರೆಗೆ ಸತತವಾಗಿ ಐದು ವರ್ಷ ಇಬ್ಬರ ಬಂಡಿಯಲ್ಲಿ ಇವರೇ ವಿಶ್ವವಿಜೇತರು. ನಾಲ್ವರ ಬಂಡಿಯಲ್ಲಿ ಗೆದ್ದುದನ್ನೂ ಸೇರಿಸಿದರೆ, ಜೀವಮಾನದಲ್ಲಿ ಒಟ್ಟು ಒಂಬತ್ತು ವಿಶ್ವಪ್ರಶಸ್ತಿಗಳು.

ಆದರೆ ಒಲಿಂಪಿಕ್ ಚಿನ್ನ ಮಾತ್ರ ಒಲಿದಿರಲಿಲ್ಲ. 1960ರಲ್ಲಿ, ಇವರ ಏರುಜವ್ವನದ ಬಲ ಉತ್ತುಂಗದಲ್ಲಿದ್ದಾಗ, ಅಮೆರಿಕದ ಸ್ಕ್ವಾ ವ್ಯಾಲಿಯ ವ್ಯವಸ್ಥಾಪಕರು ಪಥವನ್ನೇ ಕಟ್ಟಿಸಲಿಲ್ಲ. ಆ ವರ್ಷ ಹಿಮಬಂಡಿಯ ಸ್ಪರ್ಧೆಯೇ ನಡೆಯಲಿಲ್ಲ. ಹೀಗಾಗಿ 1964ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರೂಕ್‌ಗೆ ಬಂದಾಗ ಮೊಂಟಿಯವರಿಗೆ ಮೂವತ್ತಾರು ವರ್ಷ. ಇನ್ನೆಷ್ಟು ಅವಕಾಶಗಳುಳಿದಿದ್ದಾವು?

ಇಬ್ಬರ ಬಂಡಿಯ ಸ್ಪರ್ಧೆ ನಡೆಯುತ್ತಿರುವಾಗಲೇ ಬ್ರಿಟನ್ನಿನ ಟೋನಿ ನ್ಯಾಶ್ ಮತ್ತು ರಾಬಿನ್ ಡಿಕ್ಸನ್ ಅವರ ಬಂಡಿಯ ಹಿಂದಿನ ಅಚ್ಚಿನ ಬೋಲ್ಟ್ ಮುರಿಯಿತು. ಬದಲಿ ಇರಲಿಲ್ಲ. ಅವರು ಕಣದಿಂದ ಹಿಂದೆ ಸರಿಯುವುದೊಂದೇ ಉಳಿದಿತ್ತು. ಸಂಗತಿ ತಿಳಿದ ಮೊಂಟಿಯವರು ತಮ್ಮ ಓಟ ಮುಗಿದೊಡನೆ ತಮ್ಮ ಬಂಡಿಯ ಬೋಲ್ಟನ್ನು ಬಿಚ್ಚಿಸಿ ಕೊಟ್ಟರು. ಬ್ರಿಟಿಷರು ಚಿನ್ನ ಗೆದ್ದರು. ಅವರಿಗಿಂತ ಕೇವಲ 0.12 ಸೆಕೆಂಡು ಹಿಂದುಳಿದು ಬೆಳ್ಳಿಯನ್ನು ಪಡೆದವರೂ ಇಟಲಿಯವರೇ; ಮೊಂಟಿಯವರಿಗೆ ಕಂಚು. ಎಂದರೆ ಆ ಬೋಲ್ಟ್ ಸ್ವದೇಶದವರ ಚಿನ್ನವನ್ನೂ ಕೊಂಡೊಯ್ದಿತು! ಅಷ್ಟಕ್ಕೇ ಮುಗಿಯಲಿಲ್ಲ. ನಾಲ್ವರ ಬಂಡಿಯ ಸ್ಪರ್ಧೆಯಲ್ಲಿ ಕೆನಡಾದವರ ಅಚ್ಚು ಕೆಟ್ಟಾಗಲೂ ಅದರ ದುರಸ್ತಿಗೆ ಇವರ ನೆರವು ದೊರೆಯಿತು. ಕೆನಡಾಕ್ಕೆ ಚಿನ್ನ, ಇವರಿಗೆ ಮತ್ತೆ ಕಂಚು.

ಇಟಲಿಯ ಪತ್ರಿಕೆಗಳು ಇವರನ್ನು ನಿಂದಿಸಿದವು. ಮೊಂಟಿಯವರ ಉತ್ತರ ಚಿಕ್ಕದು: ನ್ಯಾಶ್ ಗೆದ್ದದ್ದು ಬೋಲ್ಟಿನಿಂದಲ್ಲ, ಎಲ್ಲರಿಗಿಂತ ವೇಗವಾಗಿ ಓಡಿಸಿದ್ದರಿಂದ. ಉಪಕಾರ ಮಾಡಿದವರು ಅದನ್ನು ಉಪಕಾರವೆಂದೇ ಒಪ್ಪದಿರುವುದು ಅಪರೂಪದ ಗುಣವೆಂದು ನನಗೆ ತೋರುತ್ತದೆ. ಕ್ರೀಡಾಧರ್ಮಕ್ಕಾಗಿ ಕೊಡಮಾಡುವ ಪಿಯೆರ್ ದ ಕೂಬರ್ತ್ಯಾಂ ಪದಕವು ಮೊಟ್ಟಮೊದಲು ಇವರಿಗೇ ಸಂದಿತು.

ಮತ್ತೆ ನಾಲ್ಕು ವರ್ಷ. 1968ರಲ್ಲಿ ಫ್ರಾನ್ಸಿನ ಗ್ರೆನೋಬಲ್ ಕ್ರೀಡೆಗಳಿಗೆ ಬಂದಾಗ ಇವರ ವಯಸ್ಸು ನಲವತ್ತು. ಇಬ್ಬರ ಬಂಡಿಯಲ್ಲಿ ಲೂಚಾನೊ ದೆ ಪಾವೊಲಿಸ್ ಇವರ ಜೊತೆಗಾರರು. ನಾಲ್ಕು ಓಟಗಳ ಕಾಲವನ್ನು ಕೂಡಿಸಿ ನೋಡಿದರೆ, ಇವರದೂ ಪಶ್ಚಿಮ ಜರ್ಮನಿಯ ಹಾರ್ಸ್ಟ್ ಫ್ಲೋತ್ ಅವರದೂ ಸೆಕೆಂಡಿನ ನೂರನೆಯ ಅಂಶದವರೆಗೂ ಒಂದೇ: 4 ನಿಮಿಷ 41.54 ಸೆಕೆಂಡು. ಬಿಡಿ ಓಟಗಳಲ್ಲಿ ಅತಿ ವೇಗದ್ದು ಯಾರದೋ ಅವರಿಗೆ ಚಿನ್ನವೆಂಬ ನಿಯಮವಿತ್ತು. ಅದು ಮೊಂಟಿಯವರ ಕೊನೆಯ ಓಟವಾಗಿತ್ತು. ನಾಲ್ವರ ಬಂಡಿಯಲ್ಲಿಯೂ, ಮಂಜು ಕರಗುತ್ತಿದ್ದುದರಿಂದ ಎರಡೇ ಓಟಗಳಿಗೆ ಮೊಟಕಾದ ಸ್ಪರ್ಧೆಯಲ್ಲಿ, ಚಿನ್ನ ಇವರದೇ ಆಯಿತು. ಅಲ್ಲಿಗೆ ಸ್ಪರ್ಧೆಯಿಂದ ನಿವೃತ್ತರಾಗಿ ಇಟಲಿಯ ತಂಡಕ್ಕೆ ತರಬೇತುದಾರರಾದರು.

ಕಡೆಯ ದಿನಗಳಲ್ಲಿ ಪಾರ್ಕಿನ್ಸನ್ ಎಂಬ ಕಂಪವಾತವು ಇವರನ್ನು ಬಾಧಿಸಿತು. ಪಥದಲ್ಲಿ ಎಂದೂ ನಡುಗದ ಕೈಗಳು ನಡುಗುವಂತಾದವು. 2003ರ ಡಿಸೆಂಬರ್ 1ರಂದು ತೀರಿಕೊಂಡರು. ಕೊರ್ಟಿನಾದ ಹಿಮಬಂಡಿಯ ಪಥಕ್ಕೆ ಇವರ ಹೆಸರನ್ನಿಟ್ಟರು. 2008ರಲ್ಲಿ ಮುಚ್ಚಿದ ಆ ಪಥವನ್ನು 2026ರ ಒಲಿಂಪಿಕ್ ಕ್ರೀಡೆಗಳಿಗಾಗಿ ಅದೇ ಸ್ಥಳದಲ್ಲಿ ಹೊಸದಾಗಿ ಕಟ್ಟಲಾಯಿತು.