ಹೆಸರು ನೋಡಿ ಹಾಕುವ ಮತ

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಮಂಗಳೂರು ನಗರದ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ಜೂನ್ ತಿಂಗಳಲ್ಲಿ ತರಗತಿಯ ನಾಯಕನ ಆಯ್ಕೆ. ಇಬ್ಬರು ಹುಡುಗರು ಸ್ಪರ್ಧಿಸಿದ್ದರು. ಚೀಟಿಯಲ್ಲಿ ಹೆಸರು ಬರೆದು, ಮಡಚಿ, ಡಬ್ಬಿಗೆ ಹಾಕಬೇಕು. ತರಗತಿಯಲ್ಲಿದ್ದ 42 ಮಕ್ಕಳಲ್ಲಿ 29 ಮಂದಿ ನಮ್ಮ ಸಮುದಾಯದವರು, 13 ಮಂದಿ ಇತರರು. ಎಣಿಸಿ ನೋಡಿದರೆ ಒಬ್ಬನಿಗೆ 29, ಇನ್ನೊಬ್ಬನಿಗೆ 13. ಚೀಟಿಗಳನ್ನು ಬಿಡಿಸದೆ, ಬರೇ ಹಾಜರಿ ಪುಸ್ತಕ ನೋಡಿಯೇ ನಾನು ಫಲಿತಾಂಶ ಹೇಳಬಹುದಿತ್ತು.

ಸೋತವನು ಒಳ್ಳೆಯ ಹುಡುಗ. ಬಿಸಿಯೂಟದ ಹೊತ್ತಿಗೆ ಚಿಕ್ಕ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದವನು, ಯಾರೂ ಹೇಳದೆಯೇ ಕಪ್ಪುಹಲಗೆ ಒರೆಸುತ್ತಿದ್ದವನು ಅವನೇ. ಅಂದು ಅವನು ಅಳಲಿಲ್ಲ. ಮೇಜಿನ ಮೇಲಿದ್ದ ಚೀಟಿಗಳನ್ನು ಒಟ್ಟು ಮಾಡಿ ಕಸದ ಬುಟ್ಟಿಗೆ ಹಾಕಿ ಮೆಲ್ಲಗೆ ಕೇಳಿದ: "ಸರ್, ನನಗೆ ಬೇರೆ ಯಾರೂ ಹಾಕಲಿಲ್ಲ ಅಲ್ವಾ?"

ಅವನೂ ಲೆಕ್ಕ ಹಾಕಿದ್ದ. ನನ್ನ ಬಳಿ ಉತ್ತರವಿರಲಿಲ್ಲ.

ಹೀಗೆಯೇ ಮತ ಹಾಕಬೇಕೆಂದು ಆ ಮಕ್ಕಳಿಗೆ ಯಾರೂ ಪಾಠ ಮಾಡಿರಲಿಲ್ಲ. 29 ಮಂದಿಗೂ ಮಾಡಿರಲಿಲ್ಲ, 13 ಮಂದಿಗೂ ಮಾಡಿರಲಿಲ್ಲ. ಹಾಗಾದರೆ ಅವರು ಇದನ್ನು ಕಲಿತದ್ದು ಎಲ್ಲಿಂದ? ಓದುಗರೇ, ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಸ್ವಲ್ಪ ದೂರ ಹೋಗಿ ಬರೋಣ.

ಬಣ್ಣದ ಲೆಕ್ಕ

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರೆಂದು ಹೈಕಮಾಂಡ್ ತೀರ್ಮಾನಿಸುವುದಿಲ್ಲ. ಒಂದೊಂದು ರಾಜ್ಯದಲ್ಲೂ ಸಾಮಾನ್ಯ ಮತದಾರರೇ ಸೇರಿ ಆರಿಸುತ್ತಾರೆ. ಇದನ್ನು ಪ್ರಾಥಮಿಕ ಚುನಾವಣೆ ಎನ್ನುತ್ತಾರೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಈ ಕಣದಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಹುಸೈನ್ ಒಬಾಮ ಎದುರಾದಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಬಿಳಿಯರು ಕರಿಯನೊಬ್ಬನಿಗೆ ಮತ ಹಾಕುವರೇ?

ಪ್ರಶ್ನೆಗೆ ಕಾರಣವಿತ್ತು. 1982ರಲ್ಲಿ ಲಾಸ್ ಏಂಜಲೀಸ್‌ನ ಮೇಯರ್ ಆಗಿದ್ದ ಕರಿಯ ನಾಯಕ ಟಾಮ್ ಬ್ರಾಡ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದರು. ಸಮೀಕ್ಷೆಗಳೆಲ್ಲ ಅವರೇ ಮುಂದೆ ಎಂದಿದ್ದವು. ಫಲಿತಾಂಶದಲ್ಲಿ ಅವರು ಸ್ವಲ್ಪದರಲ್ಲೇ ಸೋತರು. ಸಮೀಕ್ಷೆಯವರ ಮುಂದೆ 'ಬಣ್ಣ ನೋಡುವುದಿಲ್ಲ' ಎಂದ ಕೆಲವರು ಗುಪ್ತ ಮತದಾನದಲ್ಲಿ ಬಣ್ಣ ನೋಡಿದರೆಂದು ಹಲವರು ವಿಶ್ಲೇಷಿಸಿದರು. ಅದಕ್ಕೆ 'ಬ್ರಾಡ್ಲಿ ಪರಿಣಾಮ' ಎಂಬ ಹೆಸರೇ ಬಿತ್ತು. ಅದು ಎಷ್ಟು ನಿಜವೆಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಒಬಾಮ ಕಥೆಯಲ್ಲಿ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2007ರಲ್ಲಿ ಕರಿಯ ಮತದಾರರೇ ದೊಡ್ಡ ಸಂಖ್ಯೆಯಲ್ಲಿ ಹಿಲರಿಯ ಕಡೆಗಿದ್ದರು. ಒಬಾಮರ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವರು ಗೆಲ್ಲುತ್ತಾರೆಂಬ ನಂಬಿಕೆ ಅನೇಕರಿಗೆ ಇರಲಿಲ್ಲ. 2008ರ ಜನವರಿ 3ರಂದು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬಿಳಿಯರೇ ಇರುವ ಅಯೋವಾ ರಾಜ್ಯದಲ್ಲಿ ಒಬಾಮ ಗೆದ್ದರು. ಅಲ್ಲಿಂದ ಗಾಳಿ ಬದಲಾಯಿತು. ಅದೇ ತಿಂಗಳ 26ರಂದು ಸೌತ್ ಕೆರೊಲಿನಾದಲ್ಲಿ ಕರಿಯರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಅವರಿಗೆ ಮತ ಹಾಕಿದರು. ಅಲ್ಲಿನ ಬಿಳಿಯರಲ್ಲಿ ಅವರಿಗೆ ಸಿಕ್ಕಿದ್ದು ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ. ಒಂದು ರಾಜ್ಯದಲ್ಲಿ ಬಣ್ಣ ಅಡ್ಡ ಬರಲಿಲ್ಲ, ಇನ್ನೊಂದರಲ್ಲಿ ಮತಗಳು ಬಣ್ಣದ ಪ್ರಕಾರವೇ ಹಂಚಿಹೋದವು.

ಮುಚ್ಚಿದ ಬಾಗಿಲಿನ ಹಿಂದೆ

ನಮ್ಮಲ್ಲಿ ಇಂತಹ ಪ್ರಾಥಮಿಕ ಚುನಾವಣೆ ಇಲ್ಲ ಎಂದು ನೀವು ಹೇಳಬಹುದು. ನಮ್ಮಲ್ಲೂ ಇದೆ. ಅದು ಟಿಕೆಟ್ ಹಂಚುವ ಕೋಣೆಯೊಳಗೆ ನಡೆಯುತ್ತದೆ. ಈ ಕ್ಷೇತ್ರದಲ್ಲಿ ಬಿಲ್ಲವರೆಷ್ಟು, ಬಂಟರೆಷ್ಟು, ಮುಸ್ಲಿಮರೆಷ್ಟು, ಕ್ರೈಸ್ತರೆಷ್ಟು? ಯಾರಿಗೆ ಕೊಟ್ಟರೆ ಯಾರು ಮುನಿಸಿಕೊಳ್ಳುತ್ತಾರೆ? ಈ ಲೆಕ್ಕಕ್ಕೆ 'ಗೆಲ್ಲುವ ಸಾಮರ್ಥ್ಯ' ಎಂಬ ಚೆಂದದ ಹೆಸರಿದೆ. ನಮ್ಮ ಮನಸ್ಸಿನಲ್ಲಿ ಎಷ್ಟು ಪೂರ್ವಗ್ರಹವಿದೆ ಎಂದು ಪಕ್ಷದವರು ಮೊದಲೇ ಊಹಿಸುತ್ತಾರೆ, ಅದರಂತೆ ಹೆಸರು ಹೊಡೆದು ಹಾಕುತ್ತಾರೆ. ನಾವು ಮತಗಟ್ಟೆಗೆ ಹೋಗುವ ಮೊದಲೇ ನಮ್ಮ ಹೆಸರಿನಲ್ಲಿ ಒಂದು ಮತ ಬಿದ್ದಿರುತ್ತದೆ.

ಫಲಿತಾಂಶ ನೋಡಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರು ಶೇ. 13ರಷ್ಟು, ದಕ್ಷಿಣ ಕನ್ನಡದಲ್ಲಿ ಸುಮಾರು ಶೇ. 24. ಆದರೆ 2009ರಿಂದ 2024ರ ವರೆಗಿನ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ರಾಜ್ಯದ 28 ಕ್ಷೇತ್ರಗಳಿಂದ ಒಬ್ಬ ಮುಸ್ಲಿಮನೂ ಆಯ್ಕೆಯಾಗಿಲ್ಲ. 2004ರಲ್ಲಿ ಗುಲ್ಬರ್ಗದಿಂದ ಗೆದ್ದ ಇಕ್ಬಾಲ್ ಅಹ್ಮದ್ ಸರಡಗಿಯವರೇ ಕೊನೆಯವರು. 2023ರ ವಿಧಾನಸಭೆಗೆ ಆಯ್ಕೆಯಾದವರು 224ರಲ್ಲಿ ಒಂಬತ್ತು ಮಂದಿ.

ಇದಕ್ಕೆ ಹೆಸರೊಂದೇ ಕಾರಣವೆಂದು ನಾನು ಹೇಳಲಾರೆ. ಪಕ್ಷ, ಅಲೆ, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಲ್ಲವೂ ಸೇರಿಕೊಂಡಿವೆ. ಗುಲ್ಬರ್ಗ ಕ್ಷೇತ್ರವೇ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಆದರೆ ಟಿಕೆಟ್ ಸಿಗದ ಹೆಸರು ಮತಯಂತ್ರದಲ್ಲಿ ಕಾಣುವುದಿಲ್ಲ, ಕಾಣದ ಹೆಸರಿಗೆ ಜನ ಮತ ಹಾಕುತ್ತಿದ್ದರೋ ಇಲ್ಲವೋ ಎಂದು ಪರೀಕ್ಷಿಸುವಂತೆಯೂ ಇಲ್ಲ. ಅಯೋವಾದ ಜನರಿಗೆ ಸಿಕ್ಕಿದ ಅವಕಾಶ ನಮ್ಮ ಜನರಿಗೆ ಸಿಗುವುದೇ ಇಲ್ಲ.

ಬೆಂಗಳೂರು ಉತ್ತರದ ಕಥೆ

ಅವಕಾಶ ಸಿಕ್ಕಿದಾಗ ಏನಾಗುತ್ತದೆ? ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರವನ್ನು ನೋಡಿ. 1984ರಲ್ಲಿ ಅಲ್ಲಿ ಎದುರಾದವರು ಚಳ್ಳಕೆರೆಯ ಸಿ.ಕೆ. ಜಾಫರ್ ಶರೀಫ್ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ಒಬ್ಬ ಮುಸ್ಲಿಂ, ಒಬ್ಬ ಕ್ರೈಸ್ತ. ಹಿಂದೂ ಮತದಾರರೇ ಬಹುಸಂಖ್ಯೆಯಲ್ಲಿದ್ದ ಕ್ಷೇತ್ರದಲ್ಲಿ ಅವರಿಬ್ಬರೇ ಪ್ರಮುಖ ಅಭ್ಯರ್ಥಿಗಳು. ಗೆದ್ದವರು ಶರೀಫ್. ಇದೇ ಫೆರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿದ್ದರು. ಅಲ್ಲಿನವರಿಗೆ ಅವರ ಭಾಷೆಯೂ ಬೇರೆ, ಧರ್ಮವೂ ಬೇರೆ, ಊರೂ ಬೇರೆ.

ಆಮೇಲೆ 2004 ಬಂತು. ಬೆಂಗಳೂರು ಉತ್ತರದಲ್ಲಿ ಶರೀಫ್‌ರನ್ನು ಸೋಲಿಸಿದವರು ಎಚ್.ಟಿ. ಸಾಂಗ್ಲಿಯಾನ. ಮಿಜೋರಾಂ ಮೂಲದವರು, ಕ್ರೈಸ್ತರು, ಸ್ಪರ್ಧಿಸಿದ್ದು ಬಿಜೆಪಿಯಿಂದ. ಅವರ ಮುಖಚರ್ಯೆ, ಜನಾಂಗ ಯಾವುದೂ ಕನ್ನಡಿಗ ಮತದಾರನದ್ದಲ್ಲ. ಆದರೆ ಜನ ಅವರನ್ನು ಪೊಲೀಸ್ ಅಧಿಕಾರಿಯಾಗಿ ಕಂಡಿದ್ದರು. ಶಂಕರ್‌ನಾಗ್ ಅಭಿನಯದ 'ಸಾಂಗ್ಲಿಯಾನ' ಸಿನಿಮಾ 1988ರಲ್ಲೇ ಆ ಹೆಸರನ್ನು ಮನೆಮಾತಾಗಿಸಿತ್ತು. ಹೆಸರಿಗಿಂತ ಮೊದಲು ಕೆಲಸ ಮುಟ್ಟಿದ್ದಲ್ಲಿ ಮತದಾರ ಹೆಸರನ್ನು ದಾಟಬಲ್ಲ.

ನಮ್ಮ ಉಳ್ಳಾಲವನ್ನೇ ನೋಡಿ. ಕನ್ನಡದ ಕವಿ ಬಿ.ಎಂ. ಇದಿನಬ್ಬ, ಯು.ಟಿ. ಫರೀದ್ ಗೆದ್ದ ಕ್ಷೇತ್ರವಿದು. 1983ರಲ್ಲಿ ಸಿಪಿಎಂನ ಪಿ. ರಾಮಚಂದ್ರ ರಾವ್, 1994ರಲ್ಲಿ ಬಿಜೆಪಿಯ ಜಯರಾಮ ಶೆಟ್ಟಿ ಗೆದ್ದದ್ದೂ ಇಲ್ಲಿಯೇ. ಫರೀದರ ಮಗ ಯು.ಟಿ. ಖಾದರ್ 2018ರಲ್ಲಿ ಇಡೀ ಜಿಲ್ಲೆಯಲ್ಲಿ ಗೆದ್ದ ಏಕೈಕ ಕಾಂಗ್ರೆಸ್ ಅಭ್ಯರ್ಥಿ. 2023ರ ಮೇ ತಿಂಗಳಲ್ಲಿ ಅವರು ವಿಧಾನಸಭೆಯ ಸ್ಪೀಕರ್ ಆದರು. ಇನ್ನು ಲೋಕಸಭೆಗೆ ಮಂಗಳೂರು ಕ್ಷೇತ್ರ 1991ರಿಂದ 1999ರ ವರೆಗೆ ನಾಲ್ಕು ಬಾರಿ ಆರಿಸಿದ್ದು, ಸಂಖ್ಯೆಯಲ್ಲಿ ತೀರ ಚಿಕ್ಕದಾದ ಜೈನ ಸಮುದಾಯದ ಧನಂಜಯ ಕುಮಾರ್ ಅವರನ್ನು. ತಲೆ ಎಣಿಸುವ ಲೆಕ್ಕ ಯಾವಾಗಲೂ ಸರಿಯಾಗುವುದಿಲ್ಲ.

ಆಗಿದ್ದರೆ ಏನು?

ಮತ್ತೆ ಒಬಾಮರ ವಿಷಯಕ್ಕೆ ಬರೋಣ. 'ಹುಸೈನ್' ಎಂಬ ಹೆಸರು ಹಿಡಿದು, ಇವನು ಗುಟ್ಟಾಗಿ ಮುಸ್ಲಿಂ ಎಂಬ ಪ್ರಚಾರ ನಡೆಯಿತು. ಅವರು ಕ್ರೈಸ್ತರು, ಹಾಗೆಂದು ಮತ್ತೆ ಮತ್ತೆ ಹೇಳಬೇಕಾಯಿತು. 2008ರ ಅಕ್ಟೋಬರ್ 19ರಂದು ಎದುರು ಪಕ್ಷದ ಕಾಲಿನ್ ಪೊವೆಲ್ ಟಿವಿಯಲ್ಲಿ ಒಂದು ಮಾತು ಕೇಳಿದರು: ಅವರು ಮುಸ್ಲಿಮರಲ್ಲ ಸರಿ, ಒಂದು ವೇಳೆ ಆಗಿದ್ದರೆ ಏನು? ಏಳು ವರ್ಷದ ಮುಸ್ಲಿಂ ಮಗು ಈ ದೇಶದ ಅಧ್ಯಕ್ಷನಾಗುವ ಕನಸು ಕಂಡರೆ ತಪ್ಪೇ? ಅಮೆರಿಕದ ಪರವಾಗಿ ಇರಾಕ್‌ನಲ್ಲಿ ಹೋರಾಡಿ ಮಡಿದ ಮುಸ್ಲಿಂ ಯೋಧನ ಗೋರಿಯ ಮುಂದೆ ಕುಳಿತ ತಾಯಿಯ ಚಿತ್ರವನ್ನೂ ಅವರು ನೆನಪಿಸಿಕೊಂಡರು.

ಈ ಪ್ರಸಂಗ ಹೇಳುವಾಗ ನಮಗೆಲ್ಲ ಖುಷಿಯಾಗುತ್ತದೆ. ಆದರೆ ಅದೇ ಪ್ರಶ್ನೆಯನ್ನು ನಮ್ಮ ಮನೆಯೊಳಗೆ ಕೇಳಿದ್ದೇವೆಯೇ? ಅಭ್ಯರ್ಥಿಗಳ ಪಟ್ಟಿ ಬಂದ ದಿನ ನಾವು ಮೊದಲು ಹುಡುಕುವುದೇನು? "ನಮ್ಮವರು ಎಷ್ಟು ಜನ?" ನಮ್ಮವನಿಗೆ ಟಿಕೆಟ್ ಸಿಕ್ಕಿದರೆ ಅವನು ಐದು ವರ್ಷ ಏನು ಮಾಡಿದ ಎಂದು ವಿಚಾರಿಸುತ್ತೇವೆಯೇ? ಎದುರಿಗಿರುವವನು ಯೋಗ್ಯನಾದರೂ "ಎಷ್ಟಾದರೂ ಅವನು ಅವರವನೇ" ಎಂದುಬಿಡುತ್ತೇವೆ. ಇನ್ನೂ ಒಂದಿದೆ. ನಮ್ಮಲ್ಲಿ ಯೋಗ್ಯನೊಬ್ಬ ಮುಂದೆ ಬಂದರೆ, "ಬಿಡಿ, ಅವನಿಗೆ ಯಾರು ಹಾಕುತ್ತಾರೆ?" ಎಂದು ಮೊದಲು ಹೇಳುವವರೂ ನಾವೇ, 2007ರ ಕರಿಯ ಮತದಾರರ ಹಾಗೆ.

ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಪ್ರಜಾಪ್ರಾತಿನಿಧ್ಯ ಕಾಯಿದೆ ನಿಷೇಧಿಸಿದೆ. ಅಭ್ಯರ್ಥಿಯದ್ದಷ್ಟೇ ಅಲ್ಲ, ಮತದಾರನ ಧರ್ಮದ ಹೆಸರೆತ್ತಿಯೂ ಮತ ಕೇಳುವಂತಿಲ್ಲ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ಹೇಳಿತು. ಆದರೆ ಕಾನೂನಿನ ಕೈ ಮತ ಕೇಳುವವನ ನಾಲಿಗೆಯ ವರೆಗೆ ಹೋದೀತು, ಮತ ಹಾಕುವವನ ಮನಸ್ಸಿನ ವರೆಗೆ ಹೋಗಲಾರದು. ಅಲ್ಲಿಗೆ ಹೋಗಬೇಕಾದವರು ತಾಯಿ ತಂದೆಯರು, ನನ್ನಂತಹ ಅಧ್ಯಾಪಕರು.

ನನ್ನ ತರಗತಿಯ ಮಕ್ಕಳು ಕಲಿತದ್ದು ಇಲ್ಲಿಂದಲೇ. ಊಟಕ್ಕೆ ಕುಳಿತಾಗ ನಾವು ಆಡುವ ಮಾತು, ಟಿವಿಯಲ್ಲಿ ಫಲಿತಾಂಶ ಬರುವಾಗ ನಾವು ಹಾಕುವ ಲೆಕ್ಕ, ಎಲ್ಲವನ್ನೂ ಅವರು ಕೇಳಿಸಿಕೊಳ್ಳುತ್ತಾರೆ.

ಮರುವರ್ಷ ನಾನು ಕ್ರಮ ಬದಲಾಯಿಸಿದೆ. ಸ್ಪರ್ಧಿಸುವ ಪ್ರತಿಯೊಬ್ಬರಿಗೂ ಎರಡೆರಡು ವಾರ ನಾಯಕನ ಕೆಲಸ ಕೊಟ್ಟೆ. ಆಮೇಲೆ ಚೀಟಿ. ಆ ಸಲ ಹಾಜರಿ ಪುಸ್ತಕ ನೋಡಿ ಫಲಿತಾಂಶ ಹೇಳಲು ನನಗೆ ಸಾಧ್ಯವಾಗಲಿಲ್ಲ.

ಆದರೆ ಹಿಂದಿನ ವರ್ಷ ಸೋತ ಹುಡುಗನಿಗೆ ನಾನು ಏನೂ ಹೇಳಲಾಗಲಿಲ್ಲ. ಅವನು ಶಾಲೆ ಬಿಟ್ಟು ವರ್ಷಗಳಾದವು. ಈಗ ಅವನಿಗೂ ಮತದಾನದ ವಯಸ್ಸು. ಮತಯಂತ್ರದ ಮುಂದೆ ನಿಂತು ಹೆಸರುಗಳನ್ನು ಓದುವಾಗ ಅವನಿಗೆ ಆ 13 ಚೀಟಿಗಳು ನೆನಪಾಗದಿರಲಿ ಎಂದು ನಾನು ಬಯಸುತ್ತೇನೆ. ನಿಮ್ಮ ಮನೆಯ ಮಗು ಇನ್ನೊಂದು ಮಗುವಿಗೆ ಅಂತಹ ನೆನಪನ್ನು ಕೊಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.