ಹತ್ತು ಸಾವಿರ ರೂಪಾಯಿಯ ಅರ್ಜಿ, ಕನ್ನಡದಲ್ಲೇ

ನಿಮ್ಮ ತಲೆಯಲ್ಲೊಂದು ಉಪಾಯ ಇದೆ, ಮಾದರಿ ಮಾಡಲು ದುಡ್ಡಿಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುವುದಿಲ್ಲ ಅಂತ ಸುಮ್ಮನಿದ್ದೀರಾ? ಹಾಗೆ ಬಿಟ್ಟುಬಿಡಬೇಡಿ.

ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 'ಇನ್‌ಸ್ಪೈರ್ ಅವಾರ್ಡ್ ಮಾನಕ್' ಯೋಜನೆಗೆ ಯಾವುದೇ ಭಾರತೀಯ ಭಾಷೆಯಲ್ಲಿ ಉಪಾಯ ಬರೆದು ಕೊಡಬಹುದು. ಕಾಸರಗೋಡಿನ ನಮಗೆ ಕನ್ನಡವೇ ಸಾಕು. ಆಯ್ಕೆಯಾದರೆ ಮಾದರಿ ತಯಾರಿಗೆ 10,000 ರೂಪಾಯಿ ನಿಮ್ಮದೇ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಇಲ್ಲದವರು ಈಗಲೇ ತೆರೆಯಿರಿ. ಒಂದು ಶಾಲೆಯಿಂದ ಕೆಲವೇ ಉಪಾಯ, ಅದೂ ಮುಖ್ಯೋಪಾಧ್ಯಾಯರ ಮೂಲಕ.

ಹೇಗೆ ಬರೆಯುವುದು? 'ಅಡಿಕೆ ಕೃಷಿಕರಿಗೆ ಉಪಕಾರಿ ಯಂತ್ರ' ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. 'ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದಾಗ ಹಠಾತ್ ಮಳೆ ಬರುತ್ತದೆ. ಮನೆಯಲ್ಲಿ ಅಜ್ಜಿ ಒಬ್ಬರೇ. ಅವರೊಬ್ಬರೇ ಎಳೆದು ಮುಚ್ಚಬಹುದಾದ ಹೊದಿಕೆ ಮಾಡುತ್ತೇನೆ' ಎನ್ನಿ. ಯಾರ ಕಷ್ಟ, ಈಗ ಏನು ಮಾಡುತ್ತಾರೆ, ನಿಮ್ಮದರಲ್ಲಿ ಹೊಸತೇನು, ಹೇಗೆ ಕೆಲಸ ಮಾಡುತ್ತದೆ: ನಾಲ್ಕೇ ಪ್ರಶ್ನೆ. ಜೊತೆಗೊಂದು ಚಿತ್ರ.

ಅಂತರ್ಜಾಲದಿಂದ ನಕಲು ಬೇಡ. ಸ್ವಂತ ಉಪಾಯಕ್ಕೇ ಇಲ್ಲಿ ಬೆಲೆ. ಆಯ್ಕೆಯಾಗದಿದ್ದರೂ ಕಾಗದ ಹರಿಯಬೇಡಿ. ತಿದ್ದಿ, ಮುಂದಿನ ವರ್ಷಕ್ಕೆ ಇಡಿ. ನಾಳೆಯೇ ಅಜ್ಜಿಯ ಬಳಿ ಕೂತು ಕೇಳಿ: 'ದಿನದಲ್ಲಿ ಅತಿ ಕಷ್ಟದ ಕೆಲಸ ಯಾವುದು?'