ಮಣೆಯಿಂದ ಮೇಜಿಗೆ: ಕ್ರೋಮ್ ಕುರ್ಚಿಗಳನ್ನು ಆರಿಸುವ ಬಗೆ

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮ ಜನ ಮನೆಗೆ ತರುವ ಸಾಮಾನುಗಳಲ್ಲಿ ಊಟದ ಮೇಜಿನಷ್ಟು ಚರ್ಚೆಗೆ ಗುರಿಯಾಗುವ ವಸ್ತು ಇನ್ನೊಂದಿಲ್ಲ. ಕಪಾಟು ತಂದರೆ ಯಾರೂ ಮಾತಾಡುವುದಿಲ್ಲ. ಅದು ಗೋಡೆಗೆ ಒರಗಿ ನಿಲ್ಲುತ್ತದೆ, ಅಲ್ಲಿಗೆ ಮುಗಿಯಿತು. ಮೇಜು ಹಾಗಲ್ಲ. ಅದು ಬಂದ ದಿನದಿಂದ ಯಾರು ಎಲ್ಲಿ ಕೂಡಬೇಕು, ಬಡಿಸುವವರು ಯಾವ ಕಡೆಯಿಂದ ಬರಬೇಕು, ಅನ್ನ ಬಿದ್ದ ಜಾಗವನ್ನು ಯಾವ ಬಟ್ಟೆಯಿಂದ ಒರೆಸಬೇಕು ಎಂಬುದೆಲ್ಲ ಬದಲಾಗುತ್ತದೆ. ಮುಂಬಯಿಯ ಹತ್ತಡಿ ಹನ್ನೆರಡಡಿಯ ಹಾಲಿನಲ್ಲಿ ನೆಲವೇ ಊಟದ ಮನೆ, ರಾತ್ರಿಗೆ ಅದೇ ಮಲಗುವ ಮನೆ. ಅಲ್ಲಿ ನಾಲ್ಕು ಕಾಲಿನ ಹೊಸ ಅತಿಥಿಯೊಬ್ಬ ಕಾಯಮ್ಮಾಗಿ ಬಂದು ನಿಲ್ಲುವುದೆಂದರೆ ಸಣ್ಣ ಮಾತಲ್ಲ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಷೋಕಿಗಾಗಿ ಅಲ್ಲ, ಅವ್ವನ ಮೊಣಕಾಲಿಗಾಗಿ. ಇನ್ನು ನೆಲದ ಮೇಲೆ ಕೂಡಬೇಡಿರೆಂದು ಡಾಕ್ಟರು ಖಂಡಿತವಾಗಿ ಹೇಳಿದರು. ಅಂದಿನಿಂದ ಅವ್ವ ಮಂಚದ ಅಂಚಿನಲ್ಲಿ ತಾಟನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮೆಲ್ಲರದೂ ಆದ ಮೇಲೆ, ಒಬ್ಬಳೇ ಉಣ್ಣತೊಡಗಿದಳು. ನಾಲ್ಕು ಮಂದಿ ಕೆಳಗೆ, ಒಬ್ಬಳು ಮೇಲೆ. ಮಾತೂ ಕಡಿಮೆಯಾಯಿತು, ಆಕೆಯ ಊಟವೂ ಕಡಿಮೆಯಾಯಿತು. ಮೇಜು ತರೋಣವೆಂದರೆ ಆಕೆಯದು ಒಂದೇ ಪ್ರಶ್ನೆ: “ಮೇಜಿನ ಮ್ಯಾಲೆ ಉಂಡ್ರ ಮುಸುರಿ ಹೋಗೂದು ಹ್ಯಾಂಗೋ?”

ನಗಬೇಡಿ. ನಮ್ಮ ಹಿರಿಯರ ಲೆಕ್ಕದಲ್ಲಿ ತಾಮ್ರ ಹಿತ್ತಾಳೆಗಳನ್ನು ಬೆಳಗಿದರೆ ಆಯಿತು, ಕಲ್ಲನ್ನು ತೊಳೆದರೆ ಆಯಿತು. ಮರ ಹೀರಿಕೊಳ್ಳುತ್ತದೆ, ಸಂದಿನಲ್ಲಿ ಅಗುಳು ಹಿಡಿದಿಟ್ಟುಕೊಳ್ಳುತ್ತದೆ. ಸೋಜಿಗವೆಂದರೆ, ಸುಮಾರು ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಉಕ್ಕಿನ ಕೊಳವೆಯ ಕುರ್ಚಿಯನ್ನು ಹೊಗಳಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. 1925ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಮಾರ್ಸೆಲ್ ಬ್ರಾಯರ್ ಎಂಬ ತರುಣ ಅಧ್ಯಾಪಕ ಸೈಕಲ್ಲಿನ ಹ್ಯಾಂಡಲನ್ನು ನೋಡಿ, ಇದೇ ಕೊಳವೆಯನ್ನು ಬಗ್ಗಿಸಿ ಕುರ್ಚಿ ಏಕೆ ಮಾಡಬಾರದೆಂದು ಯೋಚಿಸಿದ. 1927ರಲ್ಲಿ ಸ್ಟುಟ್‌ಗಾರ್ಟ್ ನಗರದ ಗೃಹ ಪ್ರದರ್ಶನದಲ್ಲಿ ಮಾರ್ಟ್ ಸ್ಟಾಮ್ ಮತ್ತು ಮೀಸ್ ವಾನ್ ಡರ್ ರೋಹೆ ಹಿಂಗಾಲುಗಳೇ ಇಲ್ಲದ ಕುರ್ಚಿಗಳನ್ನು ತೋರಿಸಿದರು. ಮೊದಮೊದಲು ಇವಕ್ಕೆ ನಿಕ್ಕಲ್ ಲೇಪವಿರುತ್ತಿತ್ತು. ಆ ದಶಕದ ಕೊನೆಗೆ ಕ್ರೋಮಿಯಂ ಬಂತು. ಧೂಳು ಕೂಡುವುದಿಲ್ಲ, ಒರೆಸಿದರೆ ಸ್ವಚ್ಛ, ಹುಳಹುಪ್ಪಡಿಗೆ ಎಡೆಯಿಲ್ಲ ಎಂಬುದು ಅವರ ವಾದ. ಮುಂಬಯಿಯ ಚಾಳಿನಲ್ಲಿ ಮರದ ಕುರ್ಚಿಯ ಸಂದಿಗೆ ಬಿಸಿನೀರು ಹೊಯ್ದು ತಿಗಣೆ ಓಡಿಸಿದವರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶಕ್ಕೂ ಇದು ತಡವಾಗಿ ಬರಲಿಲ್ಲ. ಇಂದೋರಿನ ಹೋಳ್ಕರ್ ಮಹಾರಾಜರು 1930ರ ಸುಮಾರಿಗೆ ಕಟ್ಟಿಸಿದ ಮಾಣಿಕ್ ಬಾಗ್ ಅರಮನೆಯಲ್ಲಿ ಯುರೋಪಿನಿಂದ ತರಿಸಿದ ಲೋಹದ ಪೀಠೋಪಕರಣಗಳಿದ್ದವು. ಮುಂಬಯಿಯ ಟೌನ್ ಹಾಲಿನಲ್ಲಿ 1937ರಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆ ‘ಆದರ್ಶ ಗೃಹ’ ಪ್ರದರ್ಶನ ಏರ್ಪಡಿಸಿ, ಮಧ್ಯಮ ವರ್ಗದವರಿಗೆ ಹೊಸ ಬಗೆಯ ಮನೆ ಹೇಗಿರಬೇಕೆಂದು ತೋರಿಸಿತು. ಮರೀನ್ ಡ್ರೈವಿನ ದುಂಡು ಮೂಲೆಯ ಕಟ್ಟಡಗಳು ಆ ಕಾಲದವೇ. 2018ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಕ್ರೋಮ್ ಕಾಲು, ಸನ್‌ಮೈಕಾದಂಥ ಹಲಗೆ, ಬಣ್ಣದ ರೆಕ್ಸಿನ್ ಗಾದಿ ಎಂಬ ಜೋಡಣೆಯಾದರೋ 1950ರ ದಶಕದ ಅಮೆರಿಕದ ಅಡಿಗೆಮನೆಯಿಂದ ಹೊರಟದ್ದು. ಇಂದು ಅದು ಓಶಿವರಾ, ಉಲ್ಲಾಸನಗರದ ಅಂಗಡಿಗಳಲ್ಲೂ ಉಂಟು, ದಿಲ್ಲಿಯ ಕೀರ್ತಿನಗರದಲ್ಲೂ ಉಂಟು.

ಇತಿಹಾಸ ಸಾಕು. ಕೊಳ್ಳುವಾಗ ಏನು ನೋಡಬೇಕು ಎಂಬುದಕ್ಕೆ ಬರೋಣ.

ಈ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. ನಮ್ಮ ಕಚೇರಿಯಲ್ಲಿ ಕೆಲವು ವರ್ಷ ನಿರುಪಯೋಗಿ ಸಾಮಾನು ವಿಲೇವಾರಿಯ ಫೈಲು ನನ್ನ ಪಾಲಿಗಿತ್ತು. ಮುರಿದ ಕುರ್ಚಿಗಳನ್ನು ಎಣಿಸಿ, ಡೆಡ್ ಸ್ಟಾಕ್ ರಿಜಿಸ್ಟರಿನ ನಂಬರಿನೊಡನೆ ತಾಳೆ ನೋಡಿ, ಹರಾಜಿಗೆ ಟಿಪ್ಪಣಿ ಬರೆಯುವ ಕೆಲಸ. ಸಾಹೇಬರ ಸಹಿ ಬರುವುದರೊಳಗೆ ಕುರ್ಚಿಗಳ ಪರಿಚಯ ಚೆನ್ನಾಗಿಯೇ ಆಗುತ್ತಿತ್ತು. ಆಗ ಕಂಡದ್ದು ಇಷ್ಟು: ಕೊಳವೆಯ ಕುರ್ಚಿ ಎಂದೂ ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಕೆಡುವುದಿಲ್ಲ. ಬೆನ್ನಿನ ಕಡೆಯ ಬಾಗು ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಪಾದದ ತುದಿ ಹಪ್ಪಳದಂತೆ ಪುಡಿಯಾಗುತ್ತಿತ್ತು. ಎರಡನೆಯದಾಗಿ ಕೆಡುತ್ತಿದ್ದುದು ಆಸನದ ಅಡಿಯ ಬೆಸುಗೆ.

ಕಾರಣ ತಿಳಿದರೆ ಪರೀಕ್ಷೆ ಸುಲಭ. ನಾವು ಕ್ರೋಮ್ ಎನ್ನುವ ಹೊಳಪು ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ದಪ್ಪವಿರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪದ ನೂರರ ಒಂದು ಪಾಲೂ ಆಗಲಿಲ್ಲ. ಅದರ ಕೆಳಗೆ ನಿಕ್ಕಲಿನ ಪದರ. ಒಳ್ಳೆಯ ಕೆಲಸದಲ್ಲಿ 10ರಿಂದ 20 ಮೈಕ್ರಾನ್, ಕೆಲವೊಮ್ಮೆ ಇನ್ನೂ ಹೆಚ್ಚು. ಅದರ ಕೆಳಗೆ ಉಕ್ಕು. ಕ್ರೋಮಿನ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ನೀರನ್ನೂ ಉಪ್ಪನ್ನೂ ತಡೆಯುವುದು ನಿಕ್ಕಲ್. ಹೆಸರು ಕ್ರೋಮಿನದು, ದುಡಿತ ನಿಕ್ಕಲಿನದು. ಅಗ್ಗದ ಸೆಟ್ಟಿನಲ್ಲಿ ಕಳ್ಳತನವಾಗುವುದೂ ಇದರಲ್ಲೇ, ಏಕೆಂದರೆ ನಿಕ್ಕಲ್ ತೆಳುವಾದರೂ ಅಂಗಡಿಯ ದೀಪದಲ್ಲಿ ಹೊಳಪು ಒಂದೇ. ಸಮುದ್ರದ ಉಪ್ಪು ಗಾಳಿಯ ಮುಂಬಯಿಯಲ್ಲಿ, ಚೆನ್ನೈಯಲ್ಲಿ, ಇದರ ಲೆಕ್ಕ ಬೇಗ ತೀರುತ್ತದೆ. ನಮ್ಮ ನೆರೆಮನೆಯವರ ಸೆಟ್ಟು ಎರಡು ಮಳೆಗಾಲ ಕಳೆಯುವುದರೊಳಗೆ ಎಳ್ಳು ಚೆಲ್ಲಿದಂತೆ ಚುಕ್ಕಿ ಚುಕ್ಕಿಯಾಗಿ ತುಕ್ಕು ಹಿಡಿಯಿತು; ಪುಣೆ, ದಿಲ್ಲಿಗಳಲ್ಲಿದ್ದರೆ ಇನ್ನೊಂದಿಷ್ಟು ದಿನ ಬಾಳುತ್ತಿತ್ತೇನೋ.

(ಹಾಸನ ಜಿಲ್ಲೆಯ ಬೈರಾಪುರದಲ್ಲಿ ನಮ್ಮವರೇ ಕ್ರೋಮ್ ಅದಿರು ತೆಗೆದವರು ಎಂಬುದನ್ನು ಅಭಿಮಾನಕ್ಕಾಗಿ ಇಲ್ಲಿ ಹೇಳಿಬಿಡುತ್ತೇನೆ. ಈಗ ದೇಶದ ಅದಿರಿನ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯಿಂದ ಬರುತ್ತದೆ.)

ಆದ್ದರಿಂದ ಅಂಗಡಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಕುರ್ಚಿಯನ್ನು ತಲೆಕೆಳಗು ಮಾಡುವುದು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬೆಸುಗೆಯ ಸುತ್ತ ಲೇಪ ಒಂದೇ ಸಮನಾಗಿದೆಯೆ, ಅಥವಾ ಅಲ್ಲಿ ಬೆಳ್ಳಿ ಬಣ್ಣ ಬಳಿದು ಮುಚ್ಚಿದ್ದಾರೆಯೆ ನೋಡಿ. ಬಾಗಿದ ಜಾಗದ ಒಳಮೈಯಲ್ಲಿ ಸುಕ್ಕಿರಬಾರದು. ಪಾದದ ರಬ್ಬರ್ ಬೂಟನ್ನು ಕಿತ್ತು ನೋಡಿ; ಒಳಗೆ ಕೊಳವೆಯ ತುದಿ ಬರಿಯ ಉಕ್ಕಾಗಿದ್ದರೆ, ನೆಲ ಒರೆಸಿದ ನೀರು ಬೂಟಿನೊಳಗೆ ನಿಂತು ಅಲ್ಲಿಂದಲೇ ತಿನ್ನುತ್ತದೆ. ಕೊಳವೆಯ ದಪ್ಪವನ್ನು ಗೇಜಿನಲ್ಲಿ ಹೇಳುವುದು ವಾಡಿಕೆ. ಗೇಜಿನ ಅಂಕಿ ಹೆಚ್ಚಿದಷ್ಟೂ ಲೋಹ ತೆಳುವು: 16 ಗೇಜೆಂದರೆ ಸುಮಾರು 1.6 ಮಿ.ಮೀ., 20 ಗೇಜೆಂದರೆ ಸುಮಾರು 0.9. “ಇಪ್ಪತ್ತು ಗೇಜ್ ಸಾಹೇಬ್, ಬಹಳ ಮಜಬೂತು” ಎಂದು ಹೇಳುವವನ ಮಾತಿಗೆ ತಲೆದೂಗಬೇಡಿ.

ಕೆಲವರು ಸ್ಟೇನ್‌ಲೆಸ್ ಸ್ಟೀಲನ್ನೂ ಕ್ರೋಮೆಂದೇ ಮಾರುತ್ತಾರೆ, ಕ್ರೋಮನ್ನೂ ಸ್ಟೇನ್‌ಲೆಸ್ ಎಂದು ಮಾರುತ್ತಾರೆ. ಜೇಬಿನಲ್ಲಿ ಒಂದು ಅಯಸ್ಕಾಂತವಿರಲಿ. ಲೇಪ ಹಾಕಿದ ಸಾದಾ ಉಕ್ಕಿಗೆ ಅದು ಗಪ್ಪನೆ ಅಂಟುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ಸಿಗೆ ಬಹುಮಟ್ಟಿಗೆ ಅಂಟುವುದಿಲ್ಲ. ಆದರೆ ಅಂಟದ್ದೆಲ್ಲ 304 ಅಲ್ಲ. ಅದಕ್ಕಿಂತ ಅಗ್ಗದ, ಉಪ್ಪು ಗಾಳಿಗೆ ಬೇಗ ಸೋಲುವ 202 ದರ್ಜೆಯೂ ಅಂಟುವುದಿಲ್ಲ. ಬಿಲ್ಲಿನ ಮೇಲೆ ದರ್ಜೆಯನ್ನು ಬರೆಸಿಕೊಳ್ಳುವುದೇ ಉಪಾಯ. ಬರೆದುಕೊಡಲು ಹಿಂಜರಿಯುವವನ ಬಳಿ ಕೊಳ್ಳಬೇಡಿ. ಕಾಗದದ ಮಹಿಮೆ ಗುಮಾಸ್ತನಿಗೆ ಗೊತ್ತು.

ಇನ್ನು ಕುರ್ಚಿಯ ಆಕಾರ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಹಿಂಗಾಲಿಲ್ಲದ ಕುರ್ಚಿ ನೋಡಲು ಸೊಗಸು, ಕೂತರೆ ಮೆಲ್ಲಗೆ ತೂಗುತ್ತದೆ, ಮಕ್ಕಳಿಗೆ ಅದೇ ಉಯ್ಯಾಲೆ. ವಯಸ್ಸಾದವರಿರುವ ಮನೆಗೆ ಅದು ಬೇಡ. ಮೊಣಕಾಲು ನೋವಿರುವವರು ಏಳುವುದನ್ನು ಗಮನಿಸಿದ್ದೀರಾ? ಮೊದಲು ಆಸನದ ಅಂಚಿಗೆ ಸರಿಯುತ್ತಾರೆ, ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಎರಡು ಕೈಯನ್ನೂ ಊರಿ ಮೈಯನ್ನು ಮೇಲೆತ್ತುತ್ತಾರೆ. ಆ ಗಳಿಗೆಯಲ್ಲಿ ಕೆಳಗಿನ ವಸ್ತು ತೂಗಾಡಿದರೆ ಧೈರ್ಯ ಹಾರಿಹೋಗುತ್ತದೆ. ನಾಲ್ಕು ಕಾಲು, ಎರಡು ಕೈ ಇರುವ ಕುರ್ಚಿ ಅವರದು. ಮುಂಗಾಲುಗಳ ನಡುವೆ ಅಡ್ಡ ಸರಳು ಇರಕೂಡದು; ಇದ್ದರೆ ಹಿಮ್ಮಡಿ ಅದಕ್ಕೆ ತಾಗಿ ಪಾದ ಹಿಂದಕ್ಕೆ ಹೋಗುವುದಿಲ್ಲ. ಹಿಂಗಾಲಿಲ್ಲದ ಕುರ್ಚಿಗೆ ಇನ್ನೊಂದು ದೋಷವೂ ಉಂಟು: ಅದರ ಕೊಳವೆ ನೆಲದ ಮೇಲೆ ಉದ್ದಕ್ಕೂ ಮಲಗಿರುವುದರಿಂದ ದಿನಾ ಒರೆಸುವ ನೀರೆಲ್ಲ ಅದಕ್ಕೇ.

ಎತ್ತರದ ಲೆಕ್ಕ ಹೀಗಿದೆ. ಆಸನ ನೆಲದಿಂದ 17–18 ಅಂಗುಲ, ಮೇಜು 29–30 ಅಂಗುಲ ಎಂಬುದು ಸಾಮಾನ್ಯ ರೂಢಿ. ಗಾದಿ ಮೆತ್ತಗಿದ್ದರೆ ಕೂತಾಗ ಒಂದು ಅಂಗುಲ ಇಳಿಯುತ್ತದೆ, ಅದನ್ನೂ ಎಣಿಸಬೇಕು. ಮೊಣಕಾಲಿನವರಿಗೆ 18ಕ್ಕಿಂತ ಕಡಿಮೆ ಬೇಡ. ಆದರೆ ಈ ರೂಢಿಯೆಲ್ಲ ಚಮಚೆ ಮುಳ್ಳುಗಳಿಂದ ಉಣ್ಣುವವರದು. ರೊಟ್ಟಿ ಮುರಿದು, ಸಾರನ್ನ ಕಲಸಿ ಕೈಯಿಂದ ಉಣ್ಣುವ ನಮಗೆ ತಾಟು ಮೊಣಕೈಗಿಂತ ಕೆಳಗಿದ್ದರೆ ಸುಖ. ಮೇಜು 29 ಅಂಗುಲ ಮೀರದಿರುವುದೇ ಒಳ್ಳೆಯದು. ಕುರ್ಚಿಯ ಕೈಗಳು ಮೇಜಿನ ಅಂಚಿನ ಪಟ್ಟಿಯ ಕೆಳಗೆ ತೂರುತ್ತವೆಯೇ ಎಂದು ಅಂಗಡಿಯಲ್ಲೇ ತೂರಿಸಿ ನೋಡಿ. ತೂರದಿದ್ದರೆ ಕುರ್ಚಿ ಹಾದಿಯಲ್ಲೇ ನಿಲ್ಲುತ್ತದೆ.

ಜಾಗಕ್ಕೆ ನಾವು ಮಾಡಿದ ಉಪಾಯ ಖರ್ಚಿಲ್ಲದ್ದು. ನಾಲ್ಕಡಿಗೆ ಎರಡೂವರೆ ಅಡಿ ಅಳತೆಯ ಹಳೆಯ ಪತ್ರಿಕೆಗಳನ್ನು ಹಾಲಿನ ನೆಲಕ್ಕೆ ಅಂಟಿಸಿ ಎರಡು ದಿನ ಅದರ ಸುತ್ತಲೇ ಓಡಾಡಿದೆವು. ಒಬ್ಬರಿಗೆ ಎರಡಡಿ ಅಗಲ, ಕುರ್ಚಿ ಹಿಂದಕ್ಕೆ ಸರಿಯಲು ಎರಡೂವರೆ ಅಡಿ, ಬಡಿಸುವವರು ಹಿಂದಿನಿಂದ ಹಾಯಬೇಕಾದರೆ ಮೂರಡಿ. ಒಂದು ಮಗ್ಗುಲನ್ನು ಗೋಡೆಗೆ ತಾಗಿಸಿಯೇ ಬಾಳಬೇಕೆಂದು ಅಲ್ಲೇ ತಿಳಿಯಿತು. ಬಾಳೆಲೆ ಹಾಕುವ ದಿನ ಎರಡೂವರೆ ಅಡಿ ಅಗಲದಲ್ಲಿ ಎದುರುಬದುರು ಎಲೆಗಳ ಅಂಚು ತಾಗುತ್ತದೆ, ತಾಗಲಿ. ನಡುವೆ ಒಂದೇ ಕಂಬದ ದುಂಡು ಮೇಜು ಇಕ್ಕಟ್ಟಿಗೆ ಅನುಕೂಲವೆನ್ನುತ್ತಾರೆ, ನಿಜ. ಆದರೆ ಏಳುವಾಗ ಅಂಚನ್ನು ಅದುಮಿದರೆ ವಾಲುವಂಥದಾದರೆ ಬಿಡಿ.

ಮೇಲಿನ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜು ನನಗೆ ಸೇರದು. ಸ್ಟೀಲ್ ತಾಟು ಇಟ್ಟಾಗಲೆಲ್ಲ ಠಣ್ಣೆನ್ನುತ್ತದೆ, ಕೈಗುರುತು ಒರೆಸುವುದರಲ್ಲೇ ಗೃಹಿಣಿಯ ಆಯುಷ್ಯ ಸವೆಯುತ್ತದೆ. ತೆಗೆದುಕೊಳ್ಳುವುದೇ ಆದರೆ ಹದಗೊಳಿಸಿದ ಟಫನ್ಡ್ ಗಾಜೇ ಆಗಬೇಕು, ಒಡೆದರೂ ಅದು ಸಣ್ಣ ಹರಳಾಗಿ ಉದುರುತ್ತದೆ. ಅಮೃತಶಿಲೆ ಉಡುಪಿ ಹೋಟೆಲುಗಳ ನೆನಪು ತರುವ ಚೆಲುವಾದ ಕಲ್ಲು, ಆದರೆ ಹುಣಿಸೆ ನಿಂಬೆಗಳ ಹುಳಿ ಅದನ್ನು ತಿನ್ನುತ್ತದೆ. ಇಳಕಲ್ಲಿನ ಕೆಂಪು ಕಲ್ಲು ಹುಳಿಗೆ ಜಗ್ಗದು. ಭಾರಕ್ಕೆ ತೆಳು ಕೊಳವೆ ಜಗ್ಗೀತು. ನಾವು ಸನ್‌ಮೈಕಾ ಹಲಗೆ ತಂದೆವು. ಅಂಚಿನ ಪಟ್ಟಿ ಬಿರುಕಿಲ್ಲದೆ ಕೂತಿರಬೇಕು, ಇಲ್ಲವಾದರೆ ನೀರು ಒಳಗಿಳಿದು ಪ್ಲೈವುಡ್ ಉಬ್ಬುತ್ತದೆ. ಅರಿಸಿನದ ಕಲೆಯನ್ನು ಆಗಿಂದಾಗ ಒರೆಸಬೇಕು. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡಬಾರದು.

ಆಸನಕ್ಕೆ ರೆಕ್ಸಿನ್ ಒರೆಸಲು ಸುಲಭ, ಆದರೆ ಮೇ ತಿಂಗಳಲ್ಲಿ ಎದ್ದಾಗ ಅದೂ ಜೊತೆಗೇ ಎದ್ದು ಬರುತ್ತದೆ. ಬೆತ್ತದ ಆಸನ ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ಬ್ರಾಯರನೇ 1928ರಲ್ಲಿ ಕ್ರೋಮ್ ಕೊಳವೆಗೆ ಬೆತ್ತದ ಹೆಣಿಗೆ ಕೂಡಿಸಿದ್ದ. ಅವ್ವನಿಗೆ ಮಾತ್ರ ರೆಕ್ಸಿನ್ನೇ ಆಯಿತು. ಬೆತ್ತದ ಕಣ್ಣುಗಳಲ್ಲಿ ಅಗುಳು ಸೇರುತ್ತದಂತೆ. ಈಗ ಆಕೆ ತುದಿಯ ಕೈಕುರ್ಚಿಯಲ್ಲಿ ನಮ್ಮೊಡನೆಯೇ ಕೂಡುತ್ತಾಳೆ, ಮಕ್ಕಳ ತಾಟಿಗೆ ತುಪ್ಪ ಹಾಕುತ್ತಾಳೆ, ಉಂಡ ಮೇಲೆ ಮೇಜಿಗೆ ಎರಡು ಸಲ ನೀರಿನ ಬಟ್ಟೆ ಎಳೆದು ಕೈತೊಳೆಯುತ್ತಾಳೆ. ಹಬ್ಬದ ನೈವೇದ್ಯದ ಎಲೆ ಮಾತ್ರ ಇಂದಿಗೂ ನೆಲದ ಮೇಲೆಯೇ. ಆ ಬಗ್ಗೆ ಚರ್ಚೆ ಇಲ್ಲ.

ಪಾಲನೆಗೆ ಸಾಬೂನಿನ ನೀರು, ಅದರ ಹಿಂದೆಯೇ ಒಣ ಬಟ್ಟೆ, ಇಷ್ಟೇ. ಕೆಲಸದ ಬಾಯಿ ಹಿತ್ತಾಳೆಯೆಂದು ತಿಳಿದು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕದಂತೆ ಮೊದಲ ದಿನವೇ ಹೇಳಿಬಿಡಿ. ಉಕ್ಕಿನ ನಾರು ಬೇಡ. ಬಚ್ಚಲು ತೊಳೆಯುವ ಆಮ್ಲದ ಬಾಟಲಿಯನ್ನು ಹತ್ತಿರ ತೆರೆಯಲೂ ಬೇಡ. ಸಣ್ಣ ತುಕ್ಕಿನ ಚುಕ್ಕೆ ಕಂಡರೆ, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರ, ಕಾಲುಗಳಿಗೆ ಮೋಟಾರಿಗೆ ಹಚ್ಚುವ ಮೇಣವನ್ನು ತೆಳುವಾಗಿ ಸವರಿ, ಪಾದದ ಬೂಟುಗಳನ್ನು ಕಿತ್ತು ಒಣಗಿಸಿ ಮತ್ತೆ ಹಾಕಿ. ಹಾಗೆಯೇ ಬೋಲ್ಟುಗಳನ್ನು ಒಮ್ಮೆ ಬಿಗಿಮಾಡಿ. ವರ್ಗಾವಣೆಯ ನೌಕರಿಯವರು ಬೆಸುಗೆಯ ಮೇಜಿಗಿಂತ ಬೋಲ್ಟಿನ ಮೇಜನ್ನೇ ಕೊಳ್ಳುವುದು ಲೇಸು. ಕಾಲು ಬಿಚ್ಚಿ, ಹಲಗೆ ಬೇರೆ ಮಾಡಿ, ಲಿಫ್ಟಿಲ್ಲದ ಮೂರನೆಯ ಮಾಳಿಗೆಯಿಂದಲೂ ಇಬ್ಬರೇ ಇಳಿಸಬಹುದು; ಬೋಲ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಹಲಗೆಯ ಅಡಿಗೆ ಕಟ್ಟಿಡಿ.